ಪರದೆಯ ಮೂಲೆಯ ಕರಿ ಕಾಳು

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಮೊದಲು ಕೆಟ್ಟದ್ದು ಆಳಂದದ ಕಂಪ್ಯೂಟರುಗಳೋ ಅಫಜಲಪುರದವೋ ಎಂದು ಯಾರಾದರೂ ಆಣೆ ಹಾಕಿಸಿ ಕೇಳಿದರೆ ನಾನು ಹಿಂಜರಿಯುತ್ತೇನೆ. ಸೋಲಾಪುರದಿಂದ ಬಂದಿದ್ದ ರಿಪೇರಿಯವನಿಗೆ ಕನ್ನಡಕ ಇತ್ತೋ ಇಲ್ಲವೋ ಗೊತ್ತಿಲ್ಲ. ನೆನಪಿನಲ್ಲಿ ಆತ ಕನ್ನಡಕ ಹಾಕಿಕೊಂಡೇ ಬರುತ್ತಾನೆ. ಅದನ್ನು ಆಮೇಲೆ ನಾನೇ ಹಾಕಿದ್ದಿರಬಹುದು. ಸಿಟ್ಟಿನ ವಿಷಯದಲ್ಲಿ ಮಾತ್ರ ನನಗೆ ಅನುಮಾನವಿಲ್ಲ. ಅದು ಆಗ ಇದ್ದಷ್ಟೇ ಈಗಲೂ ಇದೆ. ಬರೆಯಲು ಕುಳಿತರೆ ಕಿವಿ ಬಿಸಿಯಾಗುತ್ತದೆ.

ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ಗುಲಬರ್ಗಾದಲ್ಲಿ ಕಂಪ್ಯೂಟರ್ ವಿಜ್ಞಾನದ ಎಂ.ಎಸ್ಸಿ. ಮುಗಿಸಿ ಆಳಂದಕ್ಕೆ ಮರಳಿದ್ದೆ. ಅಪ್ಪ ತೀರಿಕೊಂಡ ಮೇಲೆ ಅವ್ವ ಮತ್ತು ನಾನು ಅವ್ವನ ಅಣ್ಣನ ಮನೆಯಲ್ಲಿದ್ದೆವು. ನಾನು ಅವರನ್ನು ಮಾಮಾ ಎನ್ನುತ್ತಿದ್ದೆ. ಮಾಮಾನದು ತೊಗರಿ ಬೇಳೆ ಮಾಡುವ ಮಿಲ್ಲು. ನನ್ನ ಓದಿಗೆ ಅಡ್ಡಿ ಮಾಡಲಿಲ್ಲ, ಎರಡು ಹೊತ್ತಿನ ಊಟಕ್ಕೆ ಮುಖ ಸಿಂಡರಿಸಲಿಲ್ಲ. ಇದನ್ನು ಮೊದಲೇ ಬರೆದುಬಿಡುತ್ತೇನೆ, ಯಾಕೆಂದರೆ ಮುಂದೆ ಬರೆಯುವುದು ಇಷ್ಟು ನ್ಯಾಯವಾಗಿ ಇರಲಾರದು. ಅವ್ವ ಆ ಮನೆಯ ಅಡುಗೆಮನೆಯಲ್ಲಿ ಬೆಳಿಗ್ಗೆ ರೊಟ್ಟಿ ಬಡಿಯಲು ಕುಳಿತರೆ ಮಿಲ್ಲಿನ ಹಮಾಲರ ಬುತ್ತಿ ಕಟ್ಟುವ ತನಕ ಏಳುತ್ತಿರಲಿಲ್ಲ. ಅದನ್ನು ಯಾರೂ ಕೆಲಸ ಎಂದು ಕರೆಯುತ್ತಿರಲಿಲ್ಲ. ತವರು ಮನೆ ಎನ್ನುತ್ತಿದ್ದರು.

ಆ ವರ್ಷಗಳಲ್ಲಿ ಎಲ್ಲರ ಬಾಯಲ್ಲೂ ಕಂಪ್ಯೂಟರಿನ ಮಾತು. ಮಾಮಾ ಆಳಂದದ ಬಸ್ ಸ್ಟ್ಯಾಂಡಿನ ಹಿಂದೆ ಒಂದು ಮಳಿಗೆ ಹಿಡಿದು ಕಂಪ್ಯೂಟರ್ ತರಬೇತಿ ಕೇಂದ್ರ ತೆರೆದರು. ನಾನು ಅಲ್ಲಿ ಕಲಿಸುತ್ತಿದ್ದೆ. ಮಟಕಿ, ಭೂಸನೂರ ಕಡೆಯಿಂದಲೂ ಮಕ್ಕಳು ಬರುತ್ತಿದ್ದರು. ಅದು ನಡೆಯಿತೆಂದು ಅಫಜಲಪುರದಲ್ಲಿ ಎರಡನೆಯದು ಆಯಿತು. ಜೇವರ್ಗಿಯಲ್ಲಿ ಮೂರನೆಯದಕ್ಕೆ ಮಳಿಗೆ ನೋಡಿದ್ದರು. ಆ ಮಳಿಗೆಯ ಮೇಲೆ ಇರಲು ಒಂದು ಖೋಲಿ, ಪಾತ್ರೆ ತೊಳೆಯಲು ಅದಕ್ಕೊಂದು ಮೋರಿ, ಒಲೆ ಇಡಲು ಒಂದು ಕಟ್ಟೆ. ನಾನು ಆ ಕಟ್ಟೆಯನ್ನು ಒಮ್ಮೆ ನೋಡಿ ಬಂದಿದ್ದೆ. ಅವ್ವ ಅಲ್ಲಿ ನಮ್ಮಿಬ್ಬರಿಗೆ ಬೇಕಾದಷ್ಟೇ ರೊಟ್ಟಿ ಬಡಿದು, ಕೈ ತೊಳೆದು, ಕಿಟಕಿಯ ಹತ್ತಿರ ಕುಳಿತಿರುವಂತೆ ನನಗೆ ಕಾಣಿಸುತ್ತಿತ್ತು. ಜೇವರ್ಗಿಯ ಕೇಂದ್ರ ನನ್ನ ಕೈಗೆ ಬಂದರೆ ಆ ಖೋಲಿಯೂ ಬರುತ್ತದೆ. ನನಗೆ ಬೇಕಾಗಿದ್ದು ಇಷ್ಟೇ.

ತೊಂದರೆ ಶುರುವಾದದ್ದು ಪರದೆಯ ಮೂಲೆಯಲ್ಲಿ. ಬಲಗಡೆ ಕೆಳಗೆ ಗಡಿಯಾರ ಇರುತ್ತದಲ್ಲ, ಅದರ ಪಕ್ಕದಲ್ಲಿ ಸಣ್ಣ ಸಣ್ಣ ಚಿತ್ರಗಳು ಸಾಲಾಗಿ ಕುಳಿತಿರುತ್ತಿದ್ದವು: ಸ್ಪೀಕರಿನದು, ವೈರಸ್ ಕಾಯುವ ಪ್ರೋಗ್ರಾಮಿನದು, ಕನ್ನಡ ಟೈಪಿಂಗಿನ ‘ಕ’. ಯಾವುದು ನಡೆದಿದೆ, ಯಾವುದು ನಿಂತಿದೆ ಎಂದು ಕಂಪ್ಯೂಟರು ತಿಳಿಸುವ ಜಾಗ ಅದು. ಆ ಚಿತ್ರಗಳು ಒಂದೊಂದಾಗಿ ಕೆಡತೊಡಗಿದವು. ಸ್ಪೀಕರಿನ ಜಾಗದಲ್ಲಿ ಪ್ರಿಂಟರಿನ ಚಿತ್ರ. ‘ಕ’ ಇರಬೇಕಾದಲ್ಲಿ ಒಂದು ಕಪ್ಪು ಚೌಕ. ಮುಚ್ಚಿಹೋದ ಪ್ರೋಗ್ರಾಮಿನ ಚಿತ್ರ ಹಾಗೇ ಉಳಿದಿರುತ್ತಿತ್ತು. ಮೌಸಿನ ಬಾಣ ಅದರ ಮೇಲೆ ಹಾಯ್ದರೆ ಮಾಯ. ಗಡಿಯಾರದ ಅಂಕಿಗಳು ಒಂದರ ಮೇಲೊಂದು ಮೆತ್ತಿಕೊಂಡು ಹೊತ್ತು ಎಷ್ಟೆಂದು ತಿಳಿಯದಂತಾಗಿತ್ತು.

ಕೆಲಸಕ್ಕೆ ಇದರಿಂದ ದೊಡ್ಡ ಅಡ್ಡಿಯಿರಲಿಲ್ಲ. ಆದರೆ ಮಗಳನ್ನು ಸೇರಿಸಲು ಮಟಕಿಯಿಂದ ಬಂದ ಒಬ್ಬ ತಂದೆ ಪರದೆಯ ಹತ್ತಿರ ಬಗ್ಗಿ ನೋಡಿ ಹೇಳಿದ: “ಸಾವಕಾರ್ರ, ಇದು ಹಳೀ ಮಾಲ್ ಏನ್ರಿ? ಮೂಲ್ಯಾಗ ಇಲಿ ಕಡದಂಗ ಕಾಣ್ತದಲ್ರಿ.”

ಮಾಮಾನ ಮುಖ ನೋಡಬೇಕಿತ್ತು. ಬೇಳೆ ವ್ಯಾಪಾರದಲ್ಲಿ ಅವರು ಚೀಲಕ್ಕೆ ಕೈ ಹಾಕಿ, ಒಂದು ಹಿಡಿ ತೆಗೆದು, ಅಂಗೈ ಮೇಲೆ ಹೆಬ್ಬೆರಳಿನಿಂದ ಹರಡಿ ನೋಡುವವರು. ಅದರಲ್ಲಿ ಕರಿ ಕಾಳು ಕಂಡರೆ ಇಡೀ ಚೀಲದ ಭಾವ ಇಳಿಯುತ್ತದೆ. ಈಗ ಅವರದೇ ಅಂಗಡಿಯಲ್ಲಿ, ಅವರದೇ ಪರದೆಯ ಮೇಲೆ, ಬೇರೆಯವನೊಬ್ಬ ಕರಿ ಕಾಳು ತೋರಿಸಿದ್ದ.

“ಏನ್ ಬೇ ಇದು, ಮೂಲ್ಯಾಗ ಹಲ್ಲಿ ಹೇತಂಗ?” ಎಂದು ಅಂದು ಊಟಕ್ಕೆ ಕುಳಿತಾಗ ನನ್ನನ್ನು ಕೇಳಿದರು. “ಯುನಿವರ್ಸಿಟಿ ತನ ಕಲ್ತು ಬಂದೀದಿ. ಮೂಲಿ ಬಳಿಯೂದು ಕಲಿಸಲಿಲ್ಲೇನು?”

“ಸರಿ ಮಾಡ್ತೇನಿ ಮಾಮಾ. ಕಾರಣ ಹುಡುಕಬೇಕು.”

“ಕಾರಣ ನೀನೇ ಇಟ್ಕೊ. ನನಗ ಸ್ವಚ್ಛ ಪರದಿ ಬೇಕು. ದೀಪಾವಳಿ ಪಾಡ್ಯಕ್ಕ ಜೇವರ್ಗ್ಯಾಗ ಪೂಜಿ ಅದ. ಅವತ್ತು ನಾಕು ಮಂದಿ ನೋಡೂಮುಂದ ಒಂದು ಕರೀ ಕಾಳು ಕಾಣಬಾರ್ದು. ಕಾಣಲಿಲ್ಲಂದ್ರ ಆ ಸೆಂಟರ್ ನೀನೇ ನೋಡ್ಕೊ. ಮ್ಯಾಲಿನ ಖೋಲಿ ನಿಮಗ.”

ಅವ್ವ ಸಾರು ಬಡಿಸುತ್ತಿದ್ದಳು. ಸೌಟು ಹಿಡಿದ ಕೈ ಒಂದು ಕ್ಷಣ ನಿಂತಿತು. ಈ ಮಾತನ್ನು ನಾನು ಕಲ್ಪಿಸಿಕೊಂಡಿಲ್ಲ ಎಂಬುದಕ್ಕೆ ನನಗಿರುವ ಒಂದೇ ಸಾಕ್ಷಿ ಆ ಕೈ.

ಆಳಂದದಲ್ಲಿ ಕೆಲಸ ಶುರು ಮಾಡಿದೆ. ಗಡಿಯಾರದ ಅಂಕಿ ಮೆತ್ತಿಕೊಳ್ಳುವುದು ಸುಲಭದ ಕಾಯಿಲೆ. ಕಂಪ್ಯೂಟರು ಮಾರಿದವನು ಪರದೆಗೆ ಬೇರೆ ಯಾವುದೋ ಕಾರ್ಡಿನ ಡ್ರೈವರ್ ಹಾಕಿದ್ದ. ಸರಿಯಾದದ್ದನ್ನು ಹುಡುಕಿ ಹಾಕಿದೆ, ಹೋಯಿತು. ಚಿತ್ರಗಳು ಕೆಡುವುದು ಬೇರೆ ಕಾಯಿಲೆ. ಕಂಪ್ಯೂಟರು ಆ ಸಣ್ಣ ಚಿತ್ರಗಳನ್ನೆಲ್ಲ ಮತ್ತೆ ಮತ್ತೆ ಹುಡುಕುವುದು ಬೇಡವೆಂದು ಒಂದು ಮರೆಯ ಫೈಲಿನಲ್ಲಿ ಕೂಡಿಟ್ಟುಕೊಳ್ಳುತ್ತದೆ. ಆ ಫೈಲು ಕೆಟ್ಟರೆ ಒಂದರ ಜಾಗದಲ್ಲಿ ಇನ್ನೊಂದು ಬರುತ್ತದೆ, ಇಲ್ಲವೇ ಕಪ್ಪು ಚೌಕ ಬರುತ್ತದೆ. ಫೈಲನ್ನು ಅಳಿಸಿ ಯಂತ್ರವನ್ನು ಮತ್ತೆ ಚಾಲೂ ಮಾಡಿದರೆ ಅದು ಹೊಸದಾಗಿ ಚಿತ್ರಗಳನ್ನು ಜೋಡಿಸಿಕೊಳ್ಳುತ್ತದೆ. ಒಂದೊಂದೇ ಯಂತ್ರದಲ್ಲಿ ಅಳಿಸುತ್ತಾ ಹೋದೆ. ಸಂಜೆಯ ಹೊತ್ತಿಗೆ ಎಲ್ಲ ಪರದೆಗಳ ಮೂಲೆ ತೊಳೆದ ಹಾಗಿತ್ತು. ಕಲಿಯಲು ಬಂದಿದ್ದ ಹುಡುಗಿಯರು ಚಪ್ಪಾಳೆ ತಟ್ಟಿದರು. ನಾನು ಮನೆಗೆ ಹೋಗಿ ಅವ್ವನಿಗೆ ಜೇವರ್ಗಿಯ ಒಲೆಕಟ್ಟೆಯ ಎತ್ತರ ಎಷ್ಟೆಂದು ಕೈಯಿಂದ ತೋರಿಸಿದೆ.

ಮರುದಿನ ಬೆಳಿಗ್ಗೆ ಕೆಲವು ಯಂತ್ರಗಳಲ್ಲಿ ಕಪ್ಪು ಚೌಕ ಮತ್ತೆ ಬಂದಿತ್ತು.

ಮತ್ತೆ ಅಳಿಸಿದೆ. ಮತ್ತೆ ಬಂತು. ವೈರಸ್ ಇರಬಹುದೆಂದು ಹುಡುಕಿದೆ, ಇರಲಿಲ್ಲ. ಬೆಳಿಗ್ಗೆ ಚಾಲೂ ಮಾಡುವಾಗ ದಿನಾ ಬರುತ್ತಿದ್ದ ತಪಾಸಣೆಯ ಪರದೆ ನೋಡಿ, ಪಾಠ ಮುಗಿಸಿ ನಾನು ಹೋದ ಮೇಲೆ ಏನೋ ಆಗುತ್ತಿದೆ ಎನ್ನಿಸಿ ಒಂದು ಸಂಜೆ ಅಲ್ಲೇ ಉಳಿದೆ. ಕೊನೆಯ ತಂಡದವರು ಇನ್ನೂ ಟೈಪು ಮಾಡುತ್ತಿರುವಾಗಲೇ ಮಾಮಾ ಬಂದರು. ಚಪ್ಪಲಿ ಹೊರಗೆ ಬಿಟ್ಟು, ಗೋಡೆಯ ಮೇಲಿನ ಮೇನ್ ಸ್ವಿಚ್ಚಿನ ಹತ್ತಿರ ಹೋಗಿ, ಅದರ ಕಬ್ಬಿಣದ ಹ್ಯಾಂಡಲನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ಖಟ್ ಎಂದು ಕೆಳಗೆ ಎಳೆದರು. ಎಲ್ಲ ಪರದೆಗಳೂ ಒಮ್ಮೆಲೇ ಸತ್ತವು.

ಆಳಂದದಲ್ಲಿ ಕರೆಂಟು ಹೋಗದ ದಿನವಿರಲಿಲ್ಲ. ಅದಕ್ಕೆಂದೇ ಬ್ಯಾಟರಿ ಕೂಡಿಸಿದ್ದೆವು. ಲೈನ್ ಹೋದರೂ ಯಂತ್ರ ನಡೆಯುತ್ತಿತ್ತು. ಆದರೆ ಹ್ಯಾಂಡಲ್ ಎಳೆದರೆ ಎಲ್ಲವೂ ನಿಲ್ಲಬೇಕೆಂದು ಮಾಮಾ ಎಲೆಕ್ಟ್ರಿಶಿಯನ್‌ಗೆ ಹೇಳಿ ಬ್ಯಾಟರಿಯ ತಂತಿಯನ್ನೂ ಅದೇ ಹ್ಯಾಂಡಲಿನ ಕೆಳಗೆ ತರಿಸಿದ್ದರು. ಸರಕಾರದ ಕರೆಂಟು ಮಾಡಲಾಗದ್ದನ್ನು ಅವರ ಕೈ ಮಾಡುತ್ತಿತ್ತು. ಯಂತ್ರ ಆ ಚಿತ್ರಗಳ ಫೈಲನ್ನು ಬರೆಯುತ್ತಿರುವಾಗಲೇ ಅದರ ಉಸಿರು ನಿಲ್ಲುತ್ತಿತ್ತು.

“ಮಾಮಾ, ಹಿಂಗ ಎಳೀಬ್ಯಾಡ್ರಿ. ಮೊದಲ ಯಂತ್ರ ಬಂದ್ ಮಾಡಬೇಕು. ‘ಈಗ ಆಫ್ ಮಾಡಬಹುದು’ ಅಂತ ಪರದಿ ಮ್ಯಾಲ ಬರ್ತದ. ಆಮ್ಯಾಲ ಎಳೀರಿ.”

“ಅದು ಅಪ್ಪಣಿ ಕೊಟ್ಟ ಮ್ಯಾಲ ನಾ ಎಳೀಬೇಕು?”

“ಅಪ್ಪಣಿ ಅಲ್ರಿ, ಅದು...”

“ರೊಕ್ಕಾ ಹಾಕಿದಾಂವ ನಾ. ನನ್ನ ಅಂಗಡಿ ಬಂದ್ ಮಾಡಾಕ ಆ ಡಬ್ಬಿ ನನಗ ಹೂಂ ಅನ್ನಬೇಕು? ಕೇಳಿದ್ರೇನ್ರೇ ಈಕಿ ಮಾತು!” ಎಂದು ಹುಡುಗಿಯರ ಕಡೆ ತಿರುಗಿ ನಕ್ಕರು. ಅವರೂ ನಕ್ಕರು. ಮೊನ್ನೆ ಚಪ್ಪಾಳೆ ತಟ್ಟಿದವರೇ.

ಇಲ್ಲಿ ನಾನು ಎಚ್ಚರದಿಂದ ಬರೆಯಬೇಕು. ಮಿಲ್ಲಿನಲ್ಲಿ ಹ್ಯಾಂಡಲಿನ ನಿಯಮಕ್ಕೆ ಕಾರಣವಿತ್ತು. ನಾನು ಸಣ್ಣವಳಿದ್ದಾಗ, ಎಂಬತ್ತರ ದಶಕದಲ್ಲಿ, ಮಿಲ್ಲು ಬಂದಾಯಿತೆಂದು ತಿಳಿದು ಒಬ್ಬ ಹಮಾಲ ರೋಲರಿಗೆ ಕೈ ಹಾಕಿದ್ದ; ಬಂದಾಗಿರಲಿಲ್ಲ. ಅಂದಿನಿಂದ ಹ್ಯಾಂಡಲನ್ನು ಮಾಮಾ ತಾವೇ ಎಳೆಯಬೇಕು, ಅದು ಕೆಳಗೆ ಬಿದ್ದದ್ದನ್ನು ಎಲ್ಲರೂ ಕಣ್ಣಾರೆ ನೋಡಬೇಕು, ಆಮೇಲೆಯೇ ಮನೆಗೆ. ಆ ಹಮಾಲನ ಕೈ ನನಗೂ ನೆನಪಿದೆ, ಬಟ್ಟೆ ಸುತ್ತಿದ್ದು. ಹೀಗಾಗಿ ಅದು ಬರೀ ಹಟ ಎಂದು ಹೇಳುವಾಗ ನನಗೆ ಪೂರ್ತಿ ಧೈರ್ಯ ಬರುವುದಿಲ್ಲ. ಭಯವೂ ಇದ್ದೀತು. ಆದರೆ ಕಂಪ್ಯೂಟರಿಗೆ ರೋಲರಿಲ್ಲ, ಅದು ಯಾರ ಕೈಯನ್ನೂ ಕಡಿಯುವುದಿಲ್ಲ ಎಂದು ನಾನು ಹೇಳಿದಾಗ, ಒಮ್ಮೆಯಾದರೂ ಕೂತು ಕೇಳಬಹುದಿತ್ತು. ಒಬ್ಬ ಗಂಡಸು ಏನು ಹೇಳಿದ್ದರೂ ಚಹಾ ತರಿಸಿ ಕೇಳುತ್ತಿದ್ದರು. ಇದು ನನ್ನ ಊಹೆಯಲ್ಲ. ಹಾಗೇ ಆಯಿತು.

ಸೋಲಾಪುರದಿಂದ ಒಬ್ಬ ರಿಪೇರಿಯವನನ್ನು ಕರೆಸಿದರು. ಅವನು ಡಬ್ಬಿಗಳನ್ನು ಬಿಚ್ಚಿ, ಬ್ಲೋವರಿನಿಂದ ದೂಳು ಊದಿ, ತಿರುಪು ಬಿಗಿ ಮಾಡಿದ. “ಧೂಳ್ ಬಹುತ್ ಹೈ ಸೇಠ್‌ಜಿ” ಎಂದ. ಮಾಮಾ ಅವನಿಗೆ ಚಹಾ, ಮಿರ್ಚಿ ಭಜಿ ತರಿಸಿದರು. ಹ್ಯಾಂಡಲಿನ ಮಾತನ್ನು ನಾನು ಅವನ ಮುಂದೆಯೇ ಎತ್ತಿದೆ. ಅವನಿಗೆ ಗೊತ್ತಿತ್ತು, ಕಣ್ಣಿನಲ್ಲಿ ಗೊತ್ತಾಯಿತು. ಮಾಮಾನ ಮುಖ ನೋಡಿ, ಇನ್ನೊಂದು ಭಜಿ ಬಾಯಿಗಿಟ್ಟುಕೊಂಡ.

ಅವನು ಹೋದ ಮೇಲೆ ನಾನು ಮಾಮಾನನ್ನು ಕೇಳುವುದನ್ನೇ ಬಿಟ್ಟೆ. ಮಾಮಾ ಬರುವ ಹೊತ್ತಿಗಿಂತ ಮೊದಲೇ ಎಲ್ಲ ಯಂತ್ರಗಳನ್ನೂ ಹುಡುಗಿಯರಿಂದ ಸರಿಯಾಗಿ ಬಂದ್ ಮಾಡಿಸತೊಡಗಿದೆ. ಮಾಮಾ ಬಂದು ಸತ್ತ ಯಂತ್ರಗಳ ಹ್ಯಾಂಡಲ್ ಎಳೆದು ಕಣ್ಣಿಗೊತ್ತಿಕೊಂಡು ಹೋಗುತ್ತಿದ್ದರು. ಮೂಲೆ ಸ್ವಚ್ಛವಾಯಿತು, ಸ್ವಚ್ಛವಾಗಿಯೇ ಉಳಿಯಿತು. ಮಿಲ್ಲಿಗೆ ಬಂದವರಿಗೆಲ್ಲ ಮಾಮಾ ಹೇಳಿದರು: “ಸೋಲಾಪುರದಾಂವ ಒಂದ ಸರ್ತಿ ಊದಿದ ನೋಡ್ರಿ, ಖಲಾಸ್!” ನಾನು ಪಕ್ಕದಲ್ಲೇ ನಿಂತಿದ್ದೆ. ಖೋಲಿ ಸಿಗಲಿ, ಹೆಸರು ಊದಿದವನಿಗೇ ಹೋಗಲಿ ಎಂದುಕೊಂಡೆ. ಹಾಗೆ ಅಂದುಕೊಂಡದ್ದಕ್ಕೂ ಈಗ ಸಿಟ್ಟು ಬರುತ್ತದೆ.

ಅಫಜಲಪುರಕ್ಕೆ ಬಸ್ಸಿನಲ್ಲಿ ಹೋದೆ. ಅಲ್ಲಿ ಕಲಿಸುತ್ತಿದ್ದವಳು ನನ್ನ ವಯಸ್ಸಿನವಳೇ, ಮಾತಿನ ಮಲ್ಲಿ. ಅಲ್ಲಿಯೂ ಸಂಜೆ ಮಾಮಾನ ಅಪ್ಪಣೆಯಂತೆ ಹ್ಯಾಂಡಲ್ ಎಳೆಯುತ್ತಿದ್ದರು. ಹಾಗೆ ಎಳೆದರೆ ಬೆಳಿಗ್ಗೆ ಯಂತ್ರ ಚಾಲೂ ಆಗುವಾಗ ಮೊದಲು ನೀಲಿ ಪರದೆ ಬಂದು, ಒಳಗೆ ಏನಾದರೂ ಕೆಟ್ಟಿದೆಯೇ ಎಂದು ತಪಾಸಣೆ ನಡೆಯುತ್ತದೆ. ದಿನಾ ನೋಡಿ ನೋಡಿ ಅದೂ ಒಂದು ಕ್ರಮವೆಂದು ಅವಳು ತಿಳಿದಿದ್ದಳು.

“ಅದು ಹಾಜರಿ ಅಲ್ಲೇನ್ರಿ ಅಕ್ಕಾ?” ಎಂದಳು. “ಯಂತ್ರದ ಒಳಗಿನ ಸಾಮಾನೆಲ್ಲಾ ಬಂದಾವೋ ಇಲ್ಲೋ ಅಂತ ಹಾಜರಿ ತಗೋತದ ಅಂತ ನಾ ಹುಡುಗ್ರಿಗಿ ಕಲಿಸೀನಿ. ಅದು ಮುಗಿಯೂತನ ಎಲ್ಲಾರೂ ಎದ್ದು ನಿಂದರ್ತಾರ.”

“ಎದ್ದು ನಿಂದರ್ತಾರ?”

“ಹೌದ್ರಿ. ಕೈ ಕಟಗೊಂಡು.”

ಇಬ್ಬರೂ ನಕ್ಕೆವು, ಕಣ್ಣಲ್ಲಿ ನೀರು ಬರುವಷ್ಟು. ಅಷ್ಟೂ ದಿನಗಳಲ್ಲಿ ನಾನು ನಕ್ಕದ್ದು ಅದೊಂದೇ ಸಲ ಇರಬೇಕು. ಸರಿಯಾಗಿ ಬಂದ್ ಮಾಡುವುದನ್ನು ಅವಳಿಗೆ ಒಮ್ಮೆ ತೋರಿಸಿದೆ, ಸಾಕಾಯಿತು. ಅಫಜಲಪುರದ ಮೂಲೆಗಳೂ ಬೆಳಗಿದವು.

ಜೇವರ್ಗಿಯ ಯಂತ್ರಗಳು ಹೊಸವು. ಪಾಡ್ಯದ ಹಿಂದಿನ ದಿನ ನಾನು ಗುಲಬರ್ಗಾ ಮೇಲಿಂದ, ಭೀಮೆ ದಾಟಿ, ಅಲ್ಲಿಗೆ ಹೋಗಿ ಒಂದೊಂದನ್ನೂ ಕೂಡಿಸಿದೆ. ಡ್ರೈವರ್ ಹಾಕಿದೆ, ‘ಕ’ ಕೂರಿಸಿದೆ, ಪ್ರತಿ ಪರದೆಯ ಮೂಲೆಯನ್ನೂ ಕಣ್ಣಿಟ್ಟು ನೋಡಿದೆ. ಎಲ್ಲವನ್ನೂ ಸರಿಯಾಗಿ ಬಂದ್ ಮಾಡಿದೆ. ಆಮೇಲೆ ಮೇಲೆ ಹೋಗಿ ಖೋಲಿ ಗುಡಿಸಿ, ಒಲೆಕಟ್ಟೆ ತೊಳೆದೆ. ಸಂಜೆಗೆ ಮೊದಲೇ ಕೀಲಿಕೈಯನ್ನು ಮಾಮಾನ ಕೈಗೆ ಕೊಟ್ಟು ಹೇಳಿದೆ: “ಮಾಮಾ, ನಾಳಿ ತನ ಯಾರೂ ಚಾಲೂ ಮಾಡಬಾರ್ದ್ರಿ. ನಾನೇ ಬಂದು ಮಾಡ್ತೇನಿ.”

“ಹೂಂನವ್ವಾ. ನಿನ್ನ ಅಪ್ಪಣಿ ಆತಲ್ಲ!” ಎಂದರು. ತಮಾಷೆಗೆಂದೇ ಆಗ ತಿಳಿದೆ. ನಾನು ಗುಲಬರ್ಗಾದಲ್ಲಿ ಗೆಳತಿಯ ಮನೆಗೆ ಹೋಗಿ ಮಲಗಿದೆ. ಮಾಮಾ ಅಳಿಯನ ಜೊತೆ ಜೇವರ್ಗಿಯಲ್ಲೇ ಉಳಿದರು.

ಅಳಿಯನ ಬಗ್ಗೆ ಹೇಳಬೇಕು. ಮಾಮಾನ ಹಿರಿಯ ಮಗಳ ಗಂಡ. ಅಫಜಲಪುರದಲ್ಲಿ ಕ್ಯಾಸೆಟ್ ಅಂಗಡಿ ಇಟ್ಟು ಮುಚ್ಚಿದ್ದ. ಕೆಟ್ಟ ಮನುಷ್ಯನಲ್ಲ. ನನ್ನನ್ನು ಕಂಡಾಗಲೆಲ್ಲ ಹಾರ್ಮೋನಿಯಂ ಬಾರಿಸುವಂತೆ ಕೀಬೋರ್ಡಿನ ಮೇಲೆ ಬೆರಳಾಡಿಸಿ, “ಈ ಪೇಟಿ ಹ್ಯಾಂಗ ಬಾರಸ್ತಿ ಬೇ? ನಮಗೂ ಒಂದು ರಾಗ ಕಲಿಸು” ಎನ್ನುತ್ತಿದ್ದ. ಕಲಿಸುತ್ತೇನೆ ಕೂಡು ಎಂದರೆ ಕೂಡುತ್ತಿರಲಿಲ್ಲ.

ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಬಾಗಿಲಿಗೆ ತೋರಣ, ಚೆಂಡು ಹೂವು. ಅವ್ವನೂ ಆಳಂದದಿಂದ ಮನೆಯವರ ಜೊತೆ ಬಂದಿದ್ದಳು. ಮಾಸ್ತರರು, ವ್ಯಾಪಾರಿಗಳು, ಮಕ್ಕಳನ್ನು ಕರೆತಂದವರು ತುಂಬಿದ್ದರು. ಪೂಜೆಯಾಯಿತು. ಕಾಯಿ ಒಡೆದರು. “ಚಾಲೂ ಮಾಡು” ಎಂದರು ಮಾಮಾ. ನಾನು ಒಂದೊಂದೇ ಒತ್ತುತ್ತಾ ಹೋದೆ.

ನೀಲಿ ಪರದೆ ಬಂತು. ಮೊದಲನೆಯದರಲ್ಲಿ, ಎರಡನೆಯದರಲ್ಲಿ, ಎಲ್ಲದರಲ್ಲಿ.

ಸರಿಯಾಗಿ ಬಂದ್ ಮಾಡಿದ ಯಂತ್ರದಲ್ಲಿ ನೀಲಿ ಪರದೆ ಬರುವುದಿಲ್ಲ. ನಾನು ಹೋದ ಮೇಲೆ ಯಾರೋ ಅವನ್ನೆಲ್ಲ ಚಾಲೂ ಮಾಡಿ, ನಡೆಯುತ್ತಿರುವಾಗಲೇ ಹ್ಯಾಂಡಲ್ ಎಳೆದಿದ್ದರು. ಕೀಲಿಕೈ ಒಬ್ಬರ ಹತ್ತಿರವೇ ಇತ್ತು. ತಪಾಸಣೆ ಮುಗಿದು ಪರದೆ ತೆರೆಯಿತು. ಮುಂದಿನ ಸಾಲಿನ ಯಂತ್ರಗಳ ಮೂಲೆಯಲ್ಲಿ, ಗಡಿಯಾರದ ಪಕ್ಕದಲ್ಲಿ, ಕಪ್ಪು ಚೌಕಗಳು.

ಒಬ್ಬ ಮಾಸ್ತರರು ಬಗ್ಗಿ, “ಹೊಸಾವ ಅಂದಿದ್ರಿ?” ಎಂದರು.

ಮಾಮಾ ಸಿಟ್ಟಾಗಲಿಲ್ಲ. ಅದೇ ನನ್ನನ್ನು ಇಂದಿಗೂ ಕೊಲ್ಲುವುದು. ಮಟಕಿಯವನ ಒಂದು ಮಾತಿಗೆ ಉಣ್ಣುವುದನ್ನು ಬಿಟ್ಟು ಬೈದವರು ಅಂದು ಶಾಂತವಾಗಿ ನಕ್ಕರು. “ಹುಡುಗಿ ನೋಡ್ರಿ, ಇನ್ನಾ ಕಲೀಬೇಕು. ನಮ್ಮ ಅಳಿಯ ಅದಾನ, ಎಲ್ಲಾ ನೋಡ್ಕೋತಾನ” ಎಂದು ಅಳಿಯನ ಹೆಗಲ ಮೇಲೆ ಕೈಯಿಟ್ಟು ಮೇಜಿನ ಹಿಂದಿನ ಕುರ್ಚಿಯಲ್ಲಿ ಕೂರಿಸಿದರು. ಅಳಿಯ ಬೂದು ಬಣ್ಣದ ಹೊಸ ಸಫಾರಿ ಹಾಕಿದ್ದ. ಆ ಸಫಾರಿಯ ಬಗ್ಗೆ ನಾನು ಎಷ್ಟು ಸಲ ಯೋಚಿಸಿದ್ದೇನೋ. ದೀಪಾವಳಿಯ ಹೊತ್ತಿಗೆ ಸಫಾರಿ ಹೊಲಿಸಬೇಕೆಂದರೆ ದರ್ಜಿಗೆ ಬಹಳ ಮುಂಚೆ ಕೊಟ್ಟಿರಬೇಕು. ಹಾಗಾದರೆ ಆ ಕುರ್ಚಿ ಅವನದೆಂದು ಮುಂಚೆಯೇ ಗೊತ್ತಿತ್ತು. ಆದರೆ ದೀಪಾವಳಿಗೆ ಎಲ್ಲರೂ ಹೊಸ ಬಟ್ಟೆ ಹೊಲಿಸುತ್ತಾರೆ. ನನ್ನ ಮೈಮೇಲೂ ಹೊಸ ಸೀರೆಯೇ ಇತ್ತು, ಅದನ್ನು ಮಾಮಾನೇ ಕೊಡಿಸಿದ್ದರು. ಸಫಾರಿಯಿಂದ ಏನೂ ಸಾಬೀತಾಗುವುದಿಲ್ಲ.

“ನಿನ್ನಿ ಹ್ಯಾಂಡಲ್ ಯಾರು ಎಳದ್ರಿ?” ಎಂದು ನಾನು ಎಲ್ಲರ ಮುಂದೆ ಕೇಳಿದೆ.

“ನಾನೇ. ಮಂದಿಗಿ ತೋರ್ಸಾಕ ಚಾಲೂ ಮಾಡಿದ್ದೆ. ಬಂದ್ ಮಾಡೂದು ಬ್ಯಾಡೇನು?” ಎಂದರು ಮಾಮಾ.

“ಎಳೀಬ್ಯಾಡ್ರಿ ಅಂತ ಎಷ್ಟು ಸಲ...”

“ಬೇ, ಬಾಯಿ ಮುಚ್ಚು” ಎಂದದ್ದು ಮಾಮಾ ಅಲ್ಲ, ಅವ್ವ. ನನ್ನ ರಟ್ಟೆ ಹಿಡಿದು ಹೊರಗೆ ಎಳೆದುಕೊಂಡು ಹೋದಳು. ಮೇಲಿನ ಖೋಲಿಗೆ ಹೋಗುವ ಮೆಟ್ಟಿಲ ಬುಡದಲ್ಲಿ ನಿಲ್ಲಿಸಿ, “ಅವನ ಉಪ್ಪು ತಿಂದೀವಿ. ನಾಕು ಮಂದ್ಯಾಗ ಅವನ ಮಾನ ಕಳೀತಿಯೇನು?” ಎಂದಳು.

“ನೀ ಬಡದ ರೊಟ್ಟಿ ಅವರೂ ತಿಂದಾರಬೇ” ಎಂದೆ.

ಹಾಗೆ ಎಂದೆನೋ, ಅನ್ನಬೇಕಿತ್ತು ಎಂದು ಆಮೇಲೆ ಅಂದುಕೊಂಡೆನೋ. ಇದೂ ನನಗೆ ಖಚಿತವಿಲ್ಲ. ಅವ್ವ ಮೆಟ್ಟಿಲ ಕಡೆ ತಿರುಗಿಯೂ ನೋಡಲಿಲ್ಲ ಎಂಬುದು ಖಚಿತ. ಆ ಖೋಲಿಯನ್ನು ಅವಳು ಒಮ್ಮೆಯೂ ಹತ್ತಿ ನೋಡಲಿಲ್ಲ.

ನಾನು ಮರುದಿನದಿಂದ ಕೇಂದ್ರಕ್ಕೆ ಹೋಗಲಿಲ್ಲ. ಕೆಲವು ತಿಂಗಳಲ್ಲಿ ಗುಲಬರ್ಗಾದ ಒಂದು ಕಾಲೇಜಿನಲ್ಲಿ ಕೆಲಸ ಸಿಕ್ಕಿತು. ಬಾಡಿಗೆ ಮನೆ ಮಾಡಿ ಅವ್ವನನ್ನು ಕರೆದೆ. “ಅಣ್ಣನ ಮನಿ ಬಿಟ್ಟು ಬಂದ್ರ ಮಂದಿ ಏನಂತಾರ” ಎಂದು ಅವಳು ಬರಲಿಲ್ಲ. ಕೊನೆಯ ತನಕ ಆಳಂದದ ಅದೇ ಒಲೆಯ ಮುಂದೆ ಇದ್ದಳು. ಜೇವರ್ಗಿಯ ಮೂಲೆಗಳು ಕರಿ ಕಾಳಾಗಿಯೇ ಉಳಿದವು. ಅಳಿಯ ಅವುಗಳ ಮೇಲೆ ಸ್ಟಿಕರ್ ಅಂಟಿಸಿದ್ದನಂತೆ. ಅದರಿಂದ ಕೇಂದ್ರಕ್ಕೇನೂ ನಷ್ಟವಾಗಲಿಲ್ಲ, ಚೆನ್ನಾಗಿಯೇ ನಡೆಯಿತು. ಮೂಲೆಯಲ್ಲಿ ಕಪ್ಪು ಚೌಕ ಇದ್ದರೆ ಯಾರಿಗೂ ಏನೂ ಆಗುವುದಿಲ್ಲ ಎಂದು ಹೀಗೆ ತಿಳಿಯಿತು. ಏನಾದರೂ ಆದದ್ದು ನನಗೆ, ಅವ್ವನಿಗೆ.

ಮಾಮಾನಿಗೆ ಈಗ ಬಹಳ ವಯಸ್ಸಾಗಿದೆ. ಮಿಲ್ಲನ್ನು ಬೇರೆಯವರು ನಡೆಸುತ್ತಾರೆ. ಹೋದಾಗ ಕೈ ಹಿಡಿದುಕೊಂಡು ಮಾತನಾಡುತ್ತಾರೆ, ನನ್ನ ಸಂಬಳ, ಬಡ್ತಿ ಎಲ್ಲ ಕೇಳುತ್ತಾರೆ, “ನಮ್ಮ ಮನ್ಯಾಗ ಮೊದಲ ಕಂಪ್ಯೂಟರ್ ಕಲ್ತಾಕಿ” ಎಂದು ಬಂದವರಿಗೆ ಹೇಳುತ್ತಾರೆ. ಆ ಪ್ರೀತಿ ಸುಳ್ಳಲ್ಲ ಎಂದೇ ನನಗೆ ಸಿಟ್ಟು ಹೆಚ್ಚು. ಅವ್ವನ ತಿಥಿಗೆ ಹೋದಾಗ, ಊಟವಾಗಿ ಎಲ್ಲರೂ ಎದ್ದ ಮೇಲೆ, ನಾವಿಬ್ಬರೇ ಪಡಸಾಲೆಯಲ್ಲಿ ಉಳಿದೆವು. ಹ್ಯಾಂಡಲಿನ ವಿಷಯ ನಾನು ಎತ್ತಲಿಲ್ಲ. ಎಳೆದದ್ದನ್ನು ಅವರೇ ಅಂದು ಒಪ್ಪಿದ್ದರು. ಬೇರೆಯದನ್ನು ಕೇಳಿದೆ. ಕೇಳಿದ್ದು ಅವರಿಗೆ ಕೇಳಿಸಿತು. ಅಡಿಕೆ ಕತ್ತರಿಸುತ್ತಿದ್ದ ಕೈ ನಿಲ್ಲಿಸಿ ನನ್ನ ಮುಖ ನೋಡಿದರು, ಆಮೇಲೆ ಅಂಗಳದ ಕಡೆ ನೋಡಿದರು. ಅಂದಿನಿಂದ ಎರಡು ಮೂರು ಸಲ ಹೋಗಿ ಬಂದಿದ್ದೇನೆ, ಉತ್ತರ ಬಂದಿಲ್ಲ. ನಾನು ಕೇಳಿದ್ದು ಇಷ್ಟೇ:

“ಮಾಮಾ, ಅವತ್ತು ಪರದಿ ಮ್ಯಾಲ ಒಂದೂ ಕರೀ ಕಾಳು ಇಲ್ಲದಿದ್ರ, ಆ ಖೋಲಿ ಅವ್ವಗ ಕೊಡ್ತಿದ್ರೇನ್ರಿ?”